ಚರಗ ಚೆಲ್ಲಲು ಹೊಲವೇ ಇಲ್ಲ, ಏನು ಮಾಡಲಿ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ನಿಮ್ಮನ್ನು ಒಂದು ಮಾತು ಕೇಳಿದ್ದೆ. ಮಳೆ, ಚಳಿ, ಬಿಸಿಲು ಬದಲಾದಾಗ ನಿಮಗೆ ಏನು ನೆನಪಾಗುತ್ತದೆ, ಮನೆಯಲ್ಲಿ ಯಾವ ಪದ್ಧತಿ ಉಳಿದಿದೆ, ಯಾವುದು ಬಿಟ್ಟುಹೋಗಿದೆ ಅಂತ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯಿಂದ ಬಂದಿವೆ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರೂ ಬರೆದಿದ್ದಾರೆ. ಎಲ್ಲವನ್ನೂ ಓದಿದ್ದೇನೆ, ಕೆಲವನ್ನು ಎರಡೆರಡು ಸಲ. ಜಾಗ ಇರುವಷ್ಟು, ಆರು ಪತ್ರಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನದು ಸಿಂದಗಿ ತಾಲೂಕಿನ ಹಳ್ಳಿ. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಬೇಸಿಗೆ ಮುಗಿಯುವಾಗ ಮೊದಲ ಮಳೆ ಬಿದ್ದು ಮಣ್ಣಿನ ವಾಸನೆ ಬಂದರೆ ಸಾಕು, ಆಫೀಸಿನ ಕಿಟಕಿ ಹತ್ತಿರ ನಿಂತು ಅಳು ಬಂದುಬಿಡುತ್ತದೆ. ಅಜ್ಜಿ ಮನೆಯ ಅಂಗಳ ಕಣ್ಣ ಮುಂದೆ ಬರುತ್ತದೆ. ಅದೇ ಅಂಗಳದ ಫೋಟೋ ಮೊಬೈಲಿನಲ್ಲಿದೆ, ಅದನ್ನು ನೋಡಿದರೆ ಏನೂ ಆಗುವುದಿಲ್ಲ. ಯಾಕೆ ಹೀಗೆ?

ಉತ್ತರ: ಮೂಗು ಕೆಲಸ ಮಾಡುವುದೇ ಹಾಗೆ. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮೆದುಳಿನ ನಡುವೆ ಒಂದು ಠಾಣೆ ಮುಟ್ಟಿ ಆಮೇಲೆ ಮುಂದೆ ಹೋಗುತ್ತವೆ. ವಾಸನೆಗೆ ಆ ಸುತ್ತು ಇಲ್ಲ. ನೆನಪು, ಸಂಕಟ, ಸಂತೋಷ ಇವನ್ನೆಲ್ಲ ನೋಡಿಕೊಳ್ಳುವ ಭಾಗಕ್ಕೆ ಅದು ಹತ್ತಿರದ ದಾರಿಯಲ್ಲೇ ಹೋಗಿ ಮುಟ್ಟುತ್ತದೆ. ಫೋಟೋ ನೋಡಿದಾಗ ಇದು ಅಜ್ಜಿ ಮನೆ ಅಂತ ಗೊತ್ತಾಗುತ್ತದೆ, ಅಷ್ಟೇ. ವಾಸನೆ ಬಂದಾಗ ಆ ಅಂಗಳದಲ್ಲೇ ನಿಂತ ಹಾಗೆ ಆಗುತ್ತದೆ. ಅಳು ಬಂದರೆ ಅಳಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ?

ಆ ವಾಸನೆ ಮಣ್ಣಿನಲ್ಲಿರುವ ಸಣ್ಣ ಜೀವಿಗಳ ಕೆಲಸ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಅನ್ನುವ ವಸ್ತುವನ್ನು ಮಾಡುತ್ತವೆ. ಒಣಗಿದ ನೆಲಕ್ಕೆ ಹನಿ ಬಡಿದಾಗ ಅದು ಗಾಳಿಗೆ ಸೇರುತ್ತದೆ. ಒಂದಿಷ್ಟೇ ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಈ ವಾಸನೆಗೆ ಪೆಟ್ರಿಕೋರ್ ಅಂತ ಹೆಸರಿಟ್ಟರು. ನಮ್ಮ ಕಡೆ ಹೆಸರಿಟ್ಟಿದ್ದು ಮಳೆಗೆ. ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರ, ಆರಿದ್ರಾ. ಒಂದೊಂದು ಮಳೆಗೆ 13-14 ದಿನ. ನಿಮ್ಮ ಅಜ್ಜಿ ಮೇ ತಿಂಗಳ ಮಳೆ ಅಂದಿರಲಿಕ್ಕಿಲ್ಲ, ರೋಹಿಣಿ ಮಳಿ ಅಂದಿರುತ್ತಾರೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುವ ಮಾತನ್ನು ನೀವೂ ಕೇಳಿಯೇ ಇರುತ್ತೀರಿ.

ನನಗೆ ಆ ವಾಸನೆಯ ಜೊತೆ ಬರುವುದು ಮಾಳಿಗೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ಮಳೆಗಾಲ ಹತ್ತಿರ ಬಂತು ಅಂದರೆ ಅಪ್ಪ ಸವಳು ಮಣ್ಣು ತರಿಸುತ್ತಿದ್ದರು, ಸೋರಬಾರದು ಅಂತ ಅದನ್ನು ಮಾಳಿಗೆ ಮೇಲೆ ಹರವಿ ತುಳಿಯಬೇಕು. ನಾವು ಮಕ್ಕಳೆಲ್ಲ ಬರಿಗಾಲಲ್ಲಿ ಸಾಲಾಗಿ ತುಳಿಯುತ್ತಿದ್ದೆವು. ಕಾಲಿನ ಕೆಳಗೆ ಮಣ್ಣು ಮೊದಲು ಹಿಟ್ಟಿನಂತೆ ಮೆತ್ತಗಿರುತ್ತದೆ, ತುಳಿದಂತೆಲ್ಲ ಗಟ್ಟಿಯಾಗುತ್ತಾ ಬರುತ್ತದೆ. ಎರೆ ಹೊಲದಲ್ಲಿ ಆಗ ಬಿರುಕು ಎಷ್ಟು ಆಳ ಇರುತ್ತಿತ್ತೆಂದರೆ ನನ್ನ ಕೈ ಮೊಣಕೈ ತನಕ ಒಳಗೆ ಹೋಗುತ್ತಿತ್ತು. ಮೊದಲ ಮಳೆ ಬಿದ್ದಾಗ ಆ ಬಿರುಕು ನೀರು ಕುಡಿಯುವ ಸದ್ದು ಕೇಳಿಸುತ್ತಿತ್ತು. ಈಗ ಆ ಮನೆಗೆ ಆರ್‌ಸಿಸಿ ಬಂದಿದೆ. ಸೋರುವುದಿಲ್ಲ, ಒಳ್ಳೆಯದೇ ಆಯಿತು. ಆದರೆ ವಾಸನೆ ಬಂದ ಕೂಡಲೇ ನನ್ನ ಅಂಗಾಲಿಗೆ ಆ ಮಣ್ಣು ತಾಗುತ್ತದೆ.

ಒಂದು ಕೆಲಸ ಮಾಡಿ. ಮುಂದಿನ ಸಲ ಊರಿಗೆ ಹೋದಾಗ ಒಂದು ಡಬ್ಬಿ ಎರೆ ಮಣ್ಣು ತನ್ನಿ. ಕುಂಡಕ್ಕೆ ಹಾಕಿ ಬಾಲ್ಕನಿಯಲ್ಲಿಡಿ. ಏನೂ ನೆಡಬೇಡಿ, ನೀರೂ ಹಾಕಬೇಡಿ, ಬೇಸಿಗೆ ಪೂರ್ತಿ ಒಣಗಲಿ. ಮೊದಲ ಮಳೆ ಅದರ ಮೇಲೆ ಬೀಳಲಿ. ಆ ದಿನ ಊರಿಗೆ ಫೋನ್ ಮಾಡಿ, ಅಲ್ಲಿ ಯಾವ ಮಳೆ ನಡೆದಿದೆ ಅಂತ ಕೇಳಿ.

ಪ್ರಶ್ನೆ: ಬೆಳಗಾವಿ ಟಿಳಕವಾಡಿಯಲ್ಲಿದ್ದೇವೆ. ಅತ್ತೆಯವರು ಸಂಕ್ರಮಣಕ್ಕೆ ಮನೆಯಲ್ಲೇ ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಹಿಡಿಸಿದ ಎಳ್ಳು, ಮಾಡುತ್ತಿದ್ದರು. ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗೆ, ಮೈತುಂಬ ಮುಳ್ಳು. ಅವರು ಹೋದ ಮೇಲೆ ನಾನು ಎರಡು ವರ್ಷ ಪ್ರಯತ್ನ ಪಟ್ಟೆ, ಮುಳ್ಳೇ ಏಳಲಿಲ್ಲ, ಉಂಡೆ ಕಟ್ಟಿತು. ಅಂಗಡಿಯಿಂದ ತಂದರೆ ಆಗದೇ?

ಉತ್ತರ: ಆಗುತ್ತದೆ. ಎಳ್ಳು ಬೆಲ್ಲ ಕೊಟ್ಟು ಒಳ್ಳೆಯ ಮಾತಾಡೋಣ ಅನ್ನುವುದಕ್ಕೆ ಅಂಗಡಿ ಎಳ್ಳೂ ನಡೆಯುತ್ತದೆ. ಆದರೆ ನೀವು ಎರಡು ವರ್ಷ ಪ್ರಯತ್ನ ಪಟ್ಟಿದ್ದೀರಿ ಅಂದಮೇಲೆ ನಿಮಗೆ ಬೇಕಾಗಿರುವುದು ಅತ್ತೆಯ ಕೈಯ ಕೆಲಸ ಅಂತ ನನಗನ್ನಿಸುತ್ತದೆ. ಅದಕ್ಕೆ ಮೂರನೇ ವರ್ಷವೂ ಮಾಡಿ.

ತಪ್ಪು ಎಲ್ಲಾಗಿರಬಹುದು ಹೇಳುತ್ತೇನೆ. ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಬೆಚ್ಚಗೆ ಮಾಡಿ ಜರಡಿ ಹಿಡಿಯಿರಿ, ಪುಡಿ ಇರಬಾರದು. ಸಕ್ಕರೆ ಪಾಕ ಕುದಿಯುವಾಗ ಒಂದು ಚಮಚ ಹಾಲು ಹಾಕಿ, ಕೊಳೆ ಮೇಲೆ ಬರುತ್ತದೆ, ತೆಗೆದು ಸೋಸಿ. ಪಾಕ ತೆಳ್ಳಗಿರಬೇಕು. ದಪ್ಪ ಪಾಕ ಹಾಕಿದ್ದಕ್ಕೇ ನಿಮ್ಮದು ಉಂಡೆ ಕಟ್ಟಿದೆ. ಅಗಲ ತಟ್ಟೆಯನ್ನು ಸಣ್ಣ ಕೆಂಡದ ಮೇಲಿಡಿ. ಗ್ಯಾಸ್ ಮೇಲಾದರೆ ನಡುವೆ ದಪ್ಪ ಹಂಚು ಇಟ್ಟು ಅದರ ಮೇಲೆ ತಟ್ಟೆ ಇಡಿ. ಒಂದು ಸಣ್ಣ ಚಮಚ ಪಾಕ ಬಿಡಿ, ಬೆರಳ ತುದಿಯಿಂದ ಮೆಲ್ಲಗೆ ಕೈಯಾಡಿಸಿ, ಪೂರ್ತಿ ಒಣಗುವ ತನಕ. ಆಮೇಲೆ ಇನ್ನೊಂದು ಚಮಚ. ಇದೇ ಕೆಲಸ ದಿನಕ್ಕೆ ಗಂಟೆ ಎರಡು ಗಂಟೆ, ನಾಲ್ಕೈದು ದಿನ. ಮೊದಲ ಎರಡು ದಿನ ಏನೂ ಕಾಣುವುದಿಲ್ಲ, ಎಳ್ಳು ಸ್ವಲ್ಪ ಬೆಳ್ಳಗಾಗುತ್ತದೆ ಅಷ್ಟೇ. ಅಲ್ಲೇ ನಾವು ಬೇಸರಪಟ್ಟು ಜಾಸ್ತಿ ಪಾಕ ಸುರಿಯುತ್ತೇವೆ. ಮೂರನೇ ದಿನಕ್ಕೆ ಬೆರಳಿಗೆ ಚುರುಚುರು ಅನ್ನಲು ಶುರುವಾಗುತ್ತದೆ. ಅದೇ ಮುಳ್ಳು.

ಹೊತ್ತು ಕೂಡ ಮುಖ್ಯ. ಅತ್ತೆ ಬೆಳಗಿನ ಜಾವ ಎದ್ದು ಮಾಡುತ್ತಿದ್ದರಾ? ನೆನಪು ಮಾಡಿಕೊಳ್ಳಿ. ಒಣ ಚಳಿ ಇದ್ದರೆ ಪಾಕ ಬೇಗ ಗಟ್ಟಿಯಾಗಿ ಮುಳ್ಳು ನಿಲ್ಲುತ್ತದೆ, ಮೋಡ ಹಾಕಿದ ದಿನ ಸುಮ್ನೆ ಜಿಗುಟಾಗುತ್ತದೆ. ಅದಕ್ಕೇ ಇದು ಚಳಿಗಾಲದ ತಿಂಡಿ. ಕೂಸಿನ ಮೊದಲ ಸಂಕ್ರಮಣಕ್ಕೆ, ಹೊಸ ಸೊಸೆಗೆ ಕುಸುರೆಳ್ಳಿನ ಸರ ಮಾಡಿ ಹಾಕುವ ಮನೆಗಳು ಬೆಳಗಾವಿಯಲ್ಲಿ ಈಗಲೂ ಇವೆ. ಪಕ್ಕದ ಓಣಿಯಲ್ಲಿ ಅಂಥ ಅಜ್ಜಿ ಯಾರಾದರೂ ಸಿಕ್ಕರೆ ತಟ್ಟೆ ತೆಗೆದುಕೊಂಡು ಅವರ ಪಕ್ಕ ಹೋಗಿ ಕೂತುಬಿಡಿ. ಪಾಕದ ಹದ ಓದಿ ಬರುವುದಿಲ್ಲ.

ಪ್ರಶ್ನೆ: ಮುದ್ದೇಬಿಹಾಳ ಕಡೆಯವನು. ನಾನು ಹೈಸ್ಕೂಲಿನಲ್ಲಿದ್ದಾಗ ಮೊಹರಂ ಚಳಿಯಲ್ಲಿ ಬರುತ್ತಿತ್ತು. ಅಲಾಯಿ ಕುಣಿಯ, ಅಂದರೆ ಗುಂಡಿಯ, ಬೆಂಕಿ ಸುತ್ತ ಕುಣಿಯುವಾಗ ಬೆಚ್ಚಗಾಗುತ್ತಿತ್ತು, ಅದೇ ನನಗೆ ಮೊಹರಂ. ಈಗ ಮಳೆಗಾಲದಲ್ಲಿ ಬರುತ್ತಿದೆ. ಯುಗಾದಿ, ಪಂಚಮಿ ಮಾತ್ರ ತಮ್ಮ ಜಾಗದಲ್ಲೇ ಇವೆ. ಯಾಕೆ?

ಉತ್ತರ: ಎರಡೂ ಚಂದ್ರನ ಲೆಕ್ಕವೇ. ಹನ್ನೆರಡು ಚಾಂದ್ರ ತಿಂಗಳು ಅಂದರೆ 354 ದಿನ, ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ನಮ್ಮ ಪಂಚಾಂಗದಲ್ಲಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಅದನ್ನು ಸರಿ ಮಾಡುತ್ತಾರೆ. 2022ರಲ್ಲಿ ನಾಗರ ಪಂಚಮಿ ಆಗಸ್ಟ್ 2ಕ್ಕಿತ್ತು. ಮರುವರ್ಷ ಅಧಿಕ ಶ್ರಾವಣ ಬಂದು ಆಗಸ್ಟ್ 21ಕ್ಕೆ ಹೋಯಿತು. ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಆದರೆ ಮಳೆಗಾಲ ಬಿಟ್ಟು ಹೋಗುವುದಿಲ್ಲ. ಇಸ್ಲಾಂ ಪಂಚಾಂಗದಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ, ಸುಮಾರು 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. 2009ರಲ್ಲಿ ಡಿಸೆಂಬರ್ ಕೊನೆಗೆ ಬಂದಿತ್ತು, 2025ರಲ್ಲಿ ಜುಲೈ ಮೊದಲ ವಾರ. 1992ರಲ್ಲೂ ಜುಲೈ ತಿಂಗಳೇ. ಅಂದರೆ ನಿಮ್ಮ ಅಪ್ಪನಿಗೆ ಮಳೆಯಲ್ಲಿ ನೆನೆದ ಮೊಹರಂ ಗೊತ್ತಿರಬೇಕು. ಹೋಗಿ ಕೇಳಿ, ಕೂತು ಹೇಳುತ್ತಾರೆ. ಒಂದೇ ಊರು, ಒಂದೇ ಡೋಲಿ ಮೆರವಣಿಗೆ, ಅದೇ ಚೋಂಗೆ ಸಿಹಿ, ಆದರೂ ಅಪ್ಪನ ಮೊಹರಂ ಬೇರೆ, ಮಗನ ಮೊಹರಂ ಬೇರೆ. ಇದು ನನಗೆ ಬಹಳ ಇಷ್ಟವಾದ ವಿಷಯ.

ಪ್ರಶ್ನೆ: ಸವದತ್ತಿ ತವರು, ಈಗ ಪುಣೆ. ಅವ್ವ ತೀರಿಕೊಂಡು ಏಳು ತಿಂಗಳಾಯಿತು. ಪಂಚಮಿಗೆ ಹಾಲೆರೆಯುವಾಗ ಪಾಲು ಹೇಳುತ್ತಿದ್ದುದು ಅವ್ವನೇ. ಅಣ್ಣ ಕರೆಯಲು ಬರುತ್ತೇನೆ ಅಂದಿದ್ದಾನೆ. ವರ್ಷ ತುಂಬುವ ತನಕ ಹಬ್ಬ ಇಲ್ಲ ಅಂತ ದೊಡ್ಡಮ್ಮ ಹೇಳುತ್ತಾರೆ. ಹೋಗಲೋ ಬೇಡವೋ? ಹೋದರೂ ಪಾಲು ಯಾರು ಹೇಳಬೇಕು? ಮಕ್ಕಳಿಗೆ ಇದೆಲ್ಲ ಅರ್ಥವೇ ಆಗುವುದಿಲ್ಲ.

ಉತ್ತರ: ಹೋಗಿ. ಹಬ್ಬ ಮಾಡದಿದ್ದರೂ ಅಣ್ಣನ ಜೊತೆ ಹೋಗಿ. ಅವ್ವ ಇಲ್ಲದ ಮನೆಗೆ ತಂಗಿಯನ್ನು ಕರೆಯಲು ಬರುತ್ತೇನೆ ಅಂದಿದ್ದಾನಲ್ಲ, ಅವನಿಗೂ ಆ ಮನೆಯಲ್ಲಿ ಒಬ್ಬನೇ ಕೂರಲು ಆಗುತ್ತಿಲ್ಲ ಅಂತ ಅರ್ಥ.

ವರ್ಷದ ಲೆಕ್ಕದಲ್ಲಿ ದೊಡ್ಡಮ್ಮನ ಮಾತು ಕೇಳಿ. ಅವರವರ ಮನೆಯ ಪದ್ಧತಿ ಅದು, ನಾನು ನಡುವೆ ಬರುವುದಿಲ್ಲ. ಹಬ್ಬ ಬೇಡ ಅಂದರೆ ಉಂಡಿ ಕಟ್ಟಬೇಡಿ, ಜೋಕಾಲಿ ಕಟ್ಟಬೇಡಿ. ಸೂತಕದ ಮನೆಗೆ ಬೀಗರು, ಓಣಿಯವರು ತಾವೇ ಉಂಡಿ ತಂದು ಕೊಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಬಾಗಿಲು ತೆಗೆದಿಟ್ಟರೆ ಸಾಕು.

ಪಾಲಿನ ವಿಷಯಕ್ಕೆ ಬರೋಣ, ಯಾಕೆಂದರೆ ನನ್ನ ಎದೆಗೆ ಹತ್ತಿರದ್ದು ಇದೇ. ಬೇರೆ ಕಡೆಯ ಓದುಗರಿಗೆ ಒಂದು ಮಾತು: ನಾಗಪ್ಪನಿಗೆ ಹಾಲೆರೆಯುವಾಗ ಸುಮ್ಮನೆ ಎರೆಯುವುದಿಲ್ಲ. ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಅಪ್ಪನ ಪಾಲು ಅಂತ ಒಬ್ಬೊಬ್ಬರನ್ನೂ ನೆನೆದು ಒಂದೊಂದು ಸಲ ಎರೆಯುತ್ತೇವೆ. ನಮ್ಮ ಮನೆಯಲ್ಲಿ ಒಣ ಕೊಬ್ಬರಿ ಬಟ್ಟಲಿಗೆ ಸಣ್ಣ ಬೆಲ್ಲದ ತುಂಡು ಹಾಕಿ ಹಾಲು ತುಂಬಿಕೊಡುತ್ತಿದ್ದರು. ಬಟ್ಟಲು ಸಣ್ಣದು, ಹೆಸರು ಜಾಸ್ತಿ. ಮಿಲಿಟರಿಯಲ್ಲಿದ್ದ ಕಾಕಾ, ಹೆರಿಗೆಗೆ ಹೋದ ಅಕ್ಕ, ಎತ್ತು, ಎಮ್ಮೆ, ಯಾರೂ ತಪ್ಪುತ್ತಿರಲಿಲ್ಲ. ನಮ್ಮ ಆಯಿ ತೀರಿಕೊಂಡ ವರ್ಷ, ಅಪ್ಪನ ಪಾಲು ಆದ ಮೇಲೆ ಎಲ್ಲರೂ ಸುಮ್ಮನಾಗಿಬಿಟ್ಟೆವು. ಆ ಜಾಗದಲ್ಲಿ ಪ್ರತಿ ವರ್ಷ ಆಯಿಯ ದನಿ ಬರುತ್ತಿತ್ತು. ಅತ್ತೆ ಬಟ್ಟಲು ತೆಗೆದುಕೊಂಡು 'ಆಯಿ ಪಾಲು' ಅಂದಳು, ಅನ್ನುತ್ತಲೇ ಕೈ ನಡುಗಿ ಅರ್ಧ ಹಾಲು ಸೀರೆ ಮೇಲೆ ಚೆಲ್ಲಿತು. ಆಗ ಐದು ವರ್ಷದ ನನ್ನ ತಮ್ಮ ತನ್ನ ಬಟ್ಟಲಿನಿಂದ ಉಳಿದದ್ದನ್ನು ಎರೆದ. ಅಲ್ಲಿಂದ ಇಲ್ಲಿಯ ತನಕ ಆಯಿಯ ಪಾಲು ಹೇಳುವುದು ಅವನೇ. ಅವನಿಗೆ ಈಗ ಮೂವತ್ತು ದಾಟಿದೆ.

ನಿಮ್ಮ ಮನೆಯಲ್ಲಿ ಯಾರು ಹೇಳಬೇಕು ಅಂದರೆ, ನೀವೇ. ಈ ವರ್ಷ ಬೇಡ ಅಂದರೆ ಮುಂದಿನ ವರ್ಷ. ಅವ್ವ ಯಾವ ಸಾಲಿನಲ್ಲಿ ಹೇಳುತ್ತಿದ್ದರು ಅನ್ನುವುದನ್ನು ಅಣ್ಣನ ಜೊತೆ ಕೂತು ಬರೆದಿಟ್ಟುಕೊಳ್ಳಿ, ಇಬ್ಬರಿಗೂ ಅರ್ಧರ್ಧ ನೆನಪಿರುತ್ತದೆ. ಮಕ್ಕಳಿಗೆ ಅರ್ಥ ಹೇಳಲು ಹೋಗಬೇಡಿ. ಅವರ ಕೈಗೆ ಬಟ್ಟಲು ಕೊಟ್ಟು ನಿನಗೆ ಯಾರು ಬೇಕೋ ಅವರ ಹೆಸರು ಹೇಳು ಅನ್ನಿ. ಪುಣೆಯ ಗೆಳೆಯನ ಹೆಸರು ಹೇಳಿದರೂ ಹೇಳಲಿ. ಒಣ ಕೊಬ್ಬರಿ ಬಟ್ಟಲು ಎರಡು ಜಾಸ್ತಿ ತನ್ನಿ, ದಾರ ಪೋಣಿಸಿ ತಿರುಗಿಸುವುದನ್ನು ಅಣ್ಣ ಕಲಿಸಿಕೊಡಲಿ. ರೊಟ್ಟಿ ಪಂಚಮಿಯ ದಿನ ಓಣಿಗೆ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಮಡಕಿ ಕಾಳು ಹಂಚಲು ತಾಟು ಹಿಡಿದು ಹೋಗುವ ಕೆಲಸವನ್ನು, ಮುಂದಿನ ವರ್ಷದಿಂದ, ಮಕ್ಕಳಿಗೇ ಕೊಡಿ. ನಾಲ್ಕು ಮನೆ ತಿರುಗಿ ಬರುವಷ್ಟರಲ್ಲಿ ನಾಲ್ಕು ಮನೆಯವರು ಅಜ್ಜಿಯ ಮಾತು ಆಡಿರುತ್ತಾರೆ.

ಪ್ರಶ್ನೆ: ಮುಧೋಳ ತಾಲೂಕು, ಘಟಪ್ರಭಾ ದಂಡೆಯ ಊರು. 2019ರಲ್ಲಿ ಪಂಚಮಿ ಮಾಡಿ ಎರಡು ದಿನ ಕಳೆದಿರಲಿಲ್ಲ, ಹೊಳೆ ಮನೆಯೊಳಗೆ ಬಂತು. ಉಂಡಿ ಡಬ್ಬಿ, ಮಗಳ ಶಾಲೆ ಚೀಲ, ಎಮ್ಮೆ ಕರು ಎಲ್ಲ ಹೋಯಿತು. ಹನ್ನೊಂದು ದಿನ ಶಾಲೆಯ ಕೋಣೆಯಲ್ಲಿ ಮಲಗಿದೆವು. ಈಗಲೂ ಶ್ರಾವಣದ ಮಳೆ ರಾತ್ರಿ ಜೋರಾದರೆ ಮಗಳು ಎದ್ದು ಕೂರುತ್ತಾಳೆ, ಅವಳಿಗೆ ಈಗ 16. ಪಂಚಮಿ ಬೇಡವೇ ಬೇಡ ಅನ್ನುತ್ತಾಳೆ. ನನಗೆ ಬಿಡಲು ಮನಸ್ಸಿಲ್ಲ.

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಆ ವರ್ಷ ಪಂಚಮಿ ಆಗಸ್ಟ್ 5ಕ್ಕಿತ್ತು. ಅದೇ ವಾರ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತ್ತು. ಬೆಳಗಾವಿ, ಬಾಗಲಕೋಟೆಯ ಎಷ್ಟೋ ಮನೆಗಳಲ್ಲಿ ಜೋಕಾಲಿಯ ಹಗ್ಗ ಬಿಚ್ಚುವ ಮುಂಚೆಯೇ ಮನೆ ಬಿಡಬೇಕಾಯಿತು.

ಮಗಳನ್ನು ಒತ್ತಾಯ ಮಾಡಬೇಡಿ. ಅವಳಿಗೆ ಮಳೆಯ ಸದ್ದು, ಉಂಡಿಯ ವಾಸನೆ, ಕತ್ತಲೆಯ ನೀರು ಮೂರೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿವೆ. ಅವಳ ಹಟ ಅಲ್ಲ ಅದು. ಮೇಲೆ ಸಿಂದಗಿಯವರಿಗೆ ಹೇಳಿದ್ದೇ ಇಲ್ಲೂ ನಡೆಯುತ್ತಿದೆ, ಅವರಿಗೆ ಅಂಗಳ ಬರುತ್ತದೆ, ಇವಳಿಗೆ ಹೊಳೆ ಬರುತ್ತದೆ. ನಿದ್ದೆ ಕೆಡುವುದು ಇಷ್ಟು ವರ್ಷ ನಡೆದಿದೆ ಅಂದರೆ ಮನೆಮದ್ದಿನಲ್ಲಿ ಮುಗಿಯುವ ಮಾತಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ವೈದ್ಯರನ್ನು ಕಾಣಿ. ಅದಕ್ಕೂ ಮುಂಚೆ ಫೋನಿನಲ್ಲಿ ಮಾತಾಡಬೇಕು ಅಂದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ತಡ ಮಾಡಬೇಡಿ, ದಯವಿಟ್ಟು.

ಪಂಚಮಿಯನ್ನು ನೀವು ಬಿಡಬೇಕಾಗಿಲ್ಲ. ಮಾಡುವ ರೀತಿ ಬದಲಿಸಿ. ಉಂಡಿ ಕಟ್ಟುವುದನ್ನು ಮಳೆ ಜೋರಾಗುವ ಮುಂಚೆ, ಹಗಲಿನಲ್ಲಿ, ಎತ್ತರದಲ್ಲಿರುವ ನೆಂಟರ ಮನೆಯಲ್ಲಿ ಮಾಡಬಹುದೇ ನೋಡಿ. ಹಬ್ಬದ ರಾತ್ರಿಯೂ ಅಲ್ಲೇ ಮಲಗಿ. ಶ್ರಾವಣಕ್ಕೆ ಮುಂಚೆಯೇ ಒಂದು ಚೀಲ ಕಟ್ಟಿಡಿ. ಅದರಲ್ಲಿ ಕಾಗದಪತ್ರ, ಅವಳ ಪುಸ್ತಕ, ಟಾರ್ಚ್, ಒಂದು ಜೊತೆ ಬಟ್ಟೆ ಇರಲಿ. ಚೀಲ ಅವಳ ಕೈಯಿಂದಲೇ ಕಟ್ಟಿಸಿ. ಎದ್ದು ಹೊರಡಲು ಸಿದ್ಧ ಇದ್ದೇವೆ ಅಂತ ಗೊತ್ತಿದ್ದರೆ ಹೆದರಿಕೆ ಸ್ವಲ್ಪ ಇಳಿಯುತ್ತದೆ. ಒಂದು ದಿನ ಅವಳೇ ಬಂದು ಹಿಟ್ಟಿಗೆ ಕೈ ಹಾಕಬಹುದು, ಹಾಕದೆಯೂ ಇರಬಹುದು. ಕರುವಿನ ಪಾಲು ಹೇಳುತ್ತೀರಾ? ಹೇಳದಿದ್ದರೆ ಈ ಸಲ ಹೇಳಿ. ಅವಳಿಗೆ ಕೇಳಿಸುವ ಹಾಗೆ.

ಪ್ರಶ್ನೆ: ಇಂಡಿಯಲ್ಲಿದ್ದೇನೆ. ಅಪ್ಪನ ಆಸ್ಪತ್ರೆ ಖರ್ಚಿಗೆ ನಾಲ್ಕು ವರ್ಷದ ಹಿಂದೆ ಹೊಲ ಮಾರಿದೆವು. ಅಂದಿನಿಂದ ಎಳ್ಳ ಅಮಾವಾಸ್ಯೆ ದಿನ ಮನೆಯಿಂದ ಹೊರಗೆ ಬರುವುದಿಲ್ಲ. ಬಂಡಿ, ಟ್ರ್ಯಾಕ್ಟರ್ ಸಾಲಾಗಿ ಹೋಗುವುದು ನೋಡಲು ಆಗುವುದಿಲ್ಲ. ಹೆಂಡತಿಯ ತವರು ಬೈಲಹೊಂಗಲ, ಅವರದು ಶೀಗಿ ಹುಣ್ಣಿಮೆಗೇ ಚರಗ, ನಿಜವಾದದ್ದು ಅದೇ ಅನ್ನುತ್ತಾಳೆ. ಮಗಳಿಗೆ 9 ವರ್ಷ. ಚರಗ ಚೆಲ್ಲಲು ನಮಗೆ ಹೊಲವೇ ಇಲ್ಲ, ಏನು ಮಾಡಲಿ?

ಉತ್ತರ: ಮೊದಲು ಹೆಂಡತಿಯ ಮಾತಿಗೆ ಉತ್ತರ ಹೇಳಿಬಿಡುತ್ತೇನೆ, ಅದು ಸುಲಭ. ಎರಡೂ ನಿಜ. ಚರಗ ಅಂದರೆ ಬಸುರಿ ಭೂಮಿತಾಯಿಗೆ ಬಯಕೆಯ ಊಟ, ಅದನ್ನು ಬೆಳೆ ನಿಂತ ಹೊಲದಲ್ಲಿ ಚೆಲ್ಲುತ್ತೇವೆ. ಹೊಲ ಯಾವಾಗ ತುಂಬಿ ನಿಲ್ಲುತ್ತದೋ ಆಗ ಬುತ್ತಿ ಹೋಗುತ್ತದೆ. ಬೈಲಹೊಂಗಲ ಕಡೆ ಮುಂಗಾರು ಚೆನ್ನಾಗಿ ಆಗುತ್ತದೆ, ಜೂನ್‌ನಲ್ಲಿ ಬಿತ್ತಿದ್ದು ಅಕ್ಟೋಬರಿನ ಶೀಗಿ ಹುಣ್ಣಿಮೆಗೆ ತೆನೆ ಕಟ್ಟಿ ನಿಂತಿರುತ್ತದೆ. ನಿಮ್ಮ ಇಂಡಿ, ಸಿಂದಗಿ ಕಡೆ ಎರೆ ಭೂಮಿ, ಹಿಂಗಾರಿಯೇ ಜಾಸ್ತಿ. ಹುಬ್ಬಿ, ಉತ್ತರಿ ಮಳೆಗೆ ಬಿತ್ತಿದ ಬಿಳಿಜೋಳ ಡಿಸೆಂಬರ್ ಜನವರಿಯ ಎಳ್ಳ ಅಮಾವಾಸ್ಯೆಗೆ ಹಾಲುಗಾಳು ತುಂಬಿಕೊಂಡಿರುತ್ತದೆ. ಅವಳ ತವರಿನ ಭೂಮಿಗೆ ಅಕ್ಟೋಬರಿನಲ್ಲಿ ಬಯಕೆ, ನಿಮ್ಮ ಭೂಮಿಗೆ ಚಳಿಗಾಲದಲ್ಲಿ ಬಯಕೆ. ಮಗಳಿಗೆ ಎರಡೂ ಇರಲಿ. ಎರಡು ಸಲ ಹೊಲ ನೋಡುವ ಭಾಗ್ಯ ಎಷ್ಟು ಮಕ್ಕಳಿಗೆ ಸಿಗುತ್ತದೆ?

ಈಗ ನಿಮ್ಮ ನೋವಿನ ಮಾತು. ಹೊಲ ಮಾರಿದ್ದು ಅಪ್ಪನಿಗಾಗಿ. ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಆದರೆ ಆ ದಿನ ಬಾಗಿಲು ಹಾಕಿಕೊಂಡು ಕೂತರೆ ಮಗಳಿಗೆ ಎಳ್ಳ ಅಮಾವಾಸ್ಯೆ ಅಂದರೆ ಅಪ್ಪ ಮಾತಾಡದ ದಿನ ಅಂತಲೇ ಉಳಿಯುತ್ತದೆ. 9 ವರ್ಷ ಅಂದರೆ ಎಲ್ಲವೂ ಅಚ್ಚೊತ್ತಿ ಉಳಿಯುವ ವಯಸ್ಸು. ಇನ್ನು ಎರಡು ಮೂರು ವರ್ಷ ಹೀಗೇ ಹೋದರೆ ಆಮೇಲೆ ನೀವು ಕರೆದರೂ ಅವಳು ಬರಲಿಕ್ಕಿಲ್ಲ.

ಚರಗಕ್ಕೆ ಪಹಣಿ ಬೇಕಿಲ್ಲ. ಸ್ವಂತ ಹೊಲ ಇಲ್ಲದವರನ್ನು ಕರೆದು ಉಣ್ಣಿಸುವ ದಿನ ಅದು. ವಿಜಯಪುರದ ಪೇಟೆಯ ಎಷ್ಟೋ ಮನೆಯವರು ಆ ದಿನ ಗೆಳೆಯರ ಹೊಲಕ್ಕೇ ಹೋಗಿ ಉಂಡು ಬರುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಕರೆಯುತ್ತಾರೆ. ನಿಮ್ಮ ಹೊಲ ಕೊಂಡವರಿಗೆ ಒಂದು ವಾರ ಮುಂಚೆ ಫೋನ್ ಮಾಡಿ. ನಮ್ಮ ಬುತ್ತಿ ನಾವು ತರುತ್ತೇವೆ, ಚರಗದ ಹೊತ್ತಿಗೆ ಬರಬಹುದೇ ಅಂತ ಕೇಳಿ. ಇಲ್ಲ ಅನ್ನುವವರು ನಮ್ಮ ಸೀಮೆಯಲ್ಲಿ ಅಪರೂಪ. ಅಂದರೂ ಅನ್ನಲಿ, ಪಕ್ಕದ ಹೊಲದವರು ನಿಮಗೆ ಅಪರಿಚಿತರಲ್ಲ ಅಲ್ವಾ, ಚಿಕ್ಕಂದಿನಿಂದ ಬದುವಿನ ಮೇಲೆ ಜೊತೆಗೆ ಓಡಿದವರು.

ಹೆಂಡತಿಗೆ ಹೇಳಿ, ಬುತ್ತಿಯಲ್ಲಿ ಕೈ ಬಿಗಿ ಮಾಡುವುದು ಬೇಡ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಯ, ಅಗಸಿ ಚಟ್ನಿ, ಮೊಸರನ್ನ. ಹಿಂದಿನ ರಾತ್ರಿ ರೊಟ್ಟಿ ಬಡಿಯುವಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಳ್ಳು ಉದುರಿಸುವ ಕೆಲಸ ಅವಳಿಗೆ ಕೊಡಿ. ರೊಟ್ಟಿ ಹಂಚಿಗೆ ಬಿದ್ದು ಎಳ್ಳು ಚಟಪಟ ಅಂದಾಗ ಬರುವ ವಾಸನೆ ಅವಳ ಜೊತೆ ಎಲ್ಲಿಯ ತನಕ ಹೋಗುತ್ತದೋ ಯಾರಿಗೆ ಗೊತ್ತು. ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು ಸುಣ್ಣ ಹಚ್ಚುವುದು, ಕುಂಕುಮ ಇಡುವುದು ಅವಳೇ ಮಾಡಲಿ. ಪಾಂಡವರು ಅಂತ ಹೇಳಿ.

ಊಟ ಆದ ಮೇಲೆ ಬೇಗ ಎದ್ದು ಬರಬೇಡಿ. ಹೊಲದವರನ್ನು ಕೇಳಿ ನಾಲ್ಕು ಹಸಿ ತೆನೆ ಮುರಿದುಕೊಂಡು ಸೀತನಿ ಸುಡಿ. ಕುಳ್ಳಿನ ಕೆಂಡದಲ್ಲಿ ತೆನೆ ತಿರುಗಿಸುತ್ತಾ ಇರಬೇಕು, ಹಸಿರು ಕಾಳು ಹಳದಿಗೆ ತಿರುಗಿ ಉಬ್ಬುತ್ತವೆ. ಬಿಸಿ ಇರುವಾಗಲೇ ಕಂಬಳಿ ಮೇಲೆ ಹಾಕಿ ಅಂಗೈಯಿಂದ ತಿಕ್ಕಿ, ಊದಿ, ಬೊಗಸೆಗೆ ತುಂಬಿ ಕೊಡಿ. ಅಂಗೈ ಸುಡುತ್ತದೆ, ಅವಳು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತಾ ಊದುತ್ತಾಳೆ. ಜೊತೆಗೆ ಒಂದು ಚೂರು ಬೆಲ್ಲ, ಶೇಂಗಾ ಚಟ್ನಿ. ಆ ರುಚಿಗೆ ವರ್ಷದಲ್ಲಿ ಎರಡು ಮೂರು ವಾರ ಮಾತ್ರ ಅವಕಾಶ, ಆಮೇಲೆ ಕಾಳು ಗಟ್ಟಿಯಾಗಿಬಿಡುತ್ತದೆ.

ಚರಗದ ಕೂಗು ಊರಿಗೊಂದು ಥರ. ನಮ್ಮ ಹೊಲದಲ್ಲಿ ಮುಂದಿನವರು 'ಹುಲ್ಲುಲ್ಲಿಗೋ' ಅನ್ನುತ್ತಿದ್ದರು, ಹಿಂದೆ ನೀರಿನ ತಂಬಿಗೆ ಹಿಡಿದವರು 'ಸಲಾಂಬ್ರಿಗೋ' ಅನ್ನುತ್ತಿದ್ದರು. ನಿಮ್ಮ ಅಪ್ಪ ಏನೆಂದು ಕೂಗುತ್ತಿದ್ದರೋ ಅದನ್ನೇ ಕೂಗಿ. ಅಪ್ಪ ಈಗ ಹೇಗಿದ್ದಾರೆ ಅಂತ ನೀವು ಬರೆದಿಲ್ಲ. ನಡೆಯಲು ಆಗುವಂತಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಬದುವಿನ ಮೇಲೆ ಕಂಬಳಿ ಹಾಸಿ ಕೂರಿಸಿ. ಮುಂದೆ ಮಗಳು ಬುಟ್ಟಿ ಹಿಡಿದು ಕೂಗುತ್ತಾ ಚೆಲ್ಲಲಿ, ಹಿಂದೆ ನೀವು ತಂಬಿಗೆ ಹಿಡಿಯಿರಿ. ಮೊದಮೊದಲು ಅವಳಿಗೆ ನಾಚಿಕೆಯಾಗಿ ದನಿ ಸಣ್ಣಗೆ ಬರುತ್ತದೆ. ಜೋಳ ಅವಳಿಗಿಂತ ಎತ್ತರ ಇರುತ್ತದೆ, ಒಳಗೆ ಹೋದ ಮೇಲೆ ಯಾರಿಗೂ ಕಾಣುವುದಿಲ್ಲ. ಆಗ ಜೋರಾಗಿ ಕೂಗುತ್ತಾಳೆ ನೋಡಿ.